ಗದ್ದೆ ಲೆಕ್ಕದ ಫಿಶರ್ ಸಾಹೇಬರು

ಸಿರುಗುಪ್ಪದ ರೈತ ತಳಿ, ಗೊಬ್ಬರ, ನೀರು ಮೂರನ್ನೂ ಬದಲಿಸಿದ, ಇಳುವರಿ ಏರಿತು. ಯಾವುದರಿಂದ ಅಂತ ಹೇಳೋದು? ಈ ಗಂಟು ಬಿಚ್ಚಿದವರು ರೊನಾಲ್ಡ್ ಫಿಶರ್. 1890ರಲ್ಲಿ ಲಂಡನ್ನಿನಲ್ಲಿ ಹುಟ್ಟು. ಕಣ್ಣು ಮಂದ, ಲೆಕ್ಕವೆಲ್ಲ ಮನಸ್ಸಿನಲ್ಲೇ. 1919ರಲ್ಲಿ ರಾಥಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿ, ಎಲ್ಲವನ್ನೂ ಕ್ರಮವಾಗಿ ಒಟ್ಟಿಗೇ ಬದಲಿಸಿ ನೋಡುವ ವಿಧಾನ ಕಟ್ಟಿದರು.

ಔಷಧ ಕಾರ್ಖಾನೆಗೂ ಇದೇ ಬೇಕಾಯ್ತು. ಶಾಖ, ಹೊತ್ತು, ಆಮ್ಲ ಅಂತ ಏಳು ಅಂಶ, ಎರಡೆರಡು ಮಟ್ಟವೆಂದರೆ 128 ಪ್ರಯೋಗ! ದುಬಾರಿ ಸರಕು ಸುರಿದು ಅಷ್ಟು ಮಾಡೋರು ಯಾರು? ಮುಖ್ಯವಾದದ್ದನ್ನು ಎಂಟರಲ್ಲೇ ಹಿಡಿಯೋ ಕೋಷ್ಟಕಗಳ ಗಣಿತವನ್ನು 1947ರಲ್ಲಿ ಬೆಳೆಸಿದವರು ಫಿಶರ್ ಶಿಷ್ಯ ಸಿ.ಆರ್. ರಾವ್, ಹುಟ್ಟಿದ್ದು ಆಗ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಡಗಲಿಯಲ್ಲಿ.

ಗುರುವಿಗೆ ಪೈಪಿನ ಚಟ. ಸಿಗರೇಟಿನಿಂದ ಕ್ಯಾನ್ಸರ್ ಅನ್ನೋದನ್ನು ಕೊನೆವರೆಗೂ ಒಪ್ಪಲಿಲ್ಲ. ಅಷ್ಟು ದೊಡ್ಡವರಿಗೂ ಅದೊಂದು ಹಟ. 1962ರಲ್ಲಿ ಅಡಿಲೇಡಿನಲ್ಲಿ ತೀರಿಕೊಂಡರು.