ದೇವರ ಮೌನವನ್ನು ಅರಸಿದ ಬರ್ಗ್‌ಮನ್

ಸ್ವೀಡನ್ನಿನ ಉಪ್ಸಾಲ ನಗರದಲ್ಲಿ 1918ರಲ್ಲಿ ಜನಿಸಿದ ಇಂಗ್ಮಾರ್ ಬರ್ಗ್‌ಮನ್ ಲೂಥರನ್ ಸಭಾಪಾಲಕರ ಪುತ್ರ. ತಂದೆಯ ಕಠೋರ ಶಿಸ್ತಿನಲ್ಲಿ ಬೆಳೆದು, ಮುಂದೆ ವಿಶ್ವಾಸವನ್ನೇ ತೊರೆದರೂ ದೇವರ ಮೌನವೆಂಬ ಪ್ರಶ್ನೆ ಅವರನ್ನು ತೊರೆಯಲಿಲ್ಲ. ರಂಗಭೂಮಿಯೇ ಅವರ ನಿತ್ಯದ ಕಾಯಕ. 1963ರಿಂದ 1966ರವರೆಗೆ ಸ್ಟಾಕ್‌ಹೋಮಿನ ರಾಯಲ್ ಡ್ರಮ್ಯಾಟಿಕ್ ಥಿಯೇಟರಿನ ಮುಖ್ಯಸ್ಥರಾಗಿದ್ದರು. 1963ರಲ್ಲೇ ತೆರೆಕಂಡ 'ವಿಂಟರ್ ಲೈಟ್' ಚಿತ್ರದಲ್ಲಿ, ಸಾಂತ್ವನ ಬೇಡಿ ಬಂದ ಬೆಸ್ತನೆದುರು ಸಭಾಪಾಲಕನು ತನ್ನ ಸಂಶಯಗಳನ್ನೇ ತೋಡಿಕೊಳ್ಳುತ್ತಾನೆ. ಬೆಸ್ತನು ಪ್ರಾಣ ಕಳೆದುಕೊಳ್ಳುತ್ತಾನೆ. ಆದರೂ ಅದೇ ದಿನ, ಬರಿದಾದ ದೇವಾಲಯದಲ್ಲಿ ಆತ ಆರಾಧನೆಯನ್ನು ಆರಂಭಿಸುತ್ತಾನೆ. ಗುರುಗಳಾದ ನಮ್ಮನ್ನು ಇಷ್ಟು ನಿರ್ದಯವಾಗಿ ಪರೀಕ್ಷಿಸುವ ಧ್ಯಾನಕೂಟವನ್ನು ನಾನು ಕಂಡಿಲ್ಲ. 1976ರಲ್ಲಿ ನಾಟಕದ ತಾಲೀಮಿನ ನಡುವೆಯೇ ತೆರಿಗೆಯ ಆರೋಪದ ಮೇಲೆ ಪೊಲೀಸರು ಅವರನ್ನು ಕರೆದೊಯ್ದರು. ಆರೋಪ ಬಿದ್ದುಹೋದರೂ ಮನನೊಂದು ಮ್ಯೂನಿಕ್ ಸೇರಿದರು. 2007ರ ಜುಲೈ 30ರಂದು ಫೋರೋ ದ್ವೀಪದಲ್ಲಿ ನಿಧನರಾದ ಅವರ ಸಮಾಧಿ ಅಲ್ಲಿನ ದೇವಾಲಯದ ಅಂಗಳದಲ್ಲಿದೆ.