ಹಾಲ್ಡೇನ್: ಇಲಿ, ಹಕ್ಕಿ, ಮೇಕೆಗಳು ಕಲಿಸಿದ ಉಸಿರಿನ ಪಾಠ

ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರನ್ನು ಬಹುಮಟ್ಟಿಗೆ ಬಯಲಿನಲ್ಲಿಯೇ ಅಗೆಯುವುದರಿಂದ, ಪಂಜರದ ಹಕ್ಕಿಯನ್ನು ಹಿಡಿದು ಸುರಂಗಕ್ಕೆ ಇಳಿಯುತ್ತಿದ್ದ ಪದ್ಧತಿ ಇಲ್ಲಿನವರಿಗೆ ಕಥೆಯಂತೆ ಕೇಳಿಸೀತು. ಆ ಪದ್ಧತಿಯ ಹಿಂದಿದ್ದವರು ಜಾನ್ ಸ್ಕಾಟ್ ಹಾಲ್ಡೇನ್. ಇಂದು ಕೆಲವು ದೇಶಗಳಲ್ಲಿ ನಾಯಿ, ಕುದುರೆಗಳಿಗೆ ಒತ್ತಡದ ಕೋಣೆಯಲ್ಲಿ ಆಮ್ಲಜನಕ ನೀಡುವ ಚಿಕಿತ್ಸೆಯ ಬೇರುಗಳೂ ಅವರ ಪ್ರಯೋಗಶಾಲೆಯಲ್ಲಿವೆ.

1860ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಹಾಲ್ಡೇನ್ 1884ರಲ್ಲಿ ವೈದ್ಯಪದವಿ ಪಡೆದು, ಆಕ್ಸ್‌ಫರ್ಡ್‌ನಲ್ಲಿ ನೆಲೆಸಿದರು. ರೋಗಿಗಳಿಗಿಂತ ಗಾಳಿಯೇ ಅವರ ಜೀವಮಾನದ ವಿಷಯವಾಯಿತು.

1895ರಲ್ಲಿ ಅವರು ಕಾರ್ಬನ್ ಮೊನಾಕ್ಸೈಡನ್ನು ಸ್ವತಃ ಸೇವಿಸಿ ಪರೀಕ್ಷಿಸಿದರು. ಈ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಆಕ್ರಮಿಸಿ ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಅದೇ ವರ್ಷ ಇಲಿಯೊಂದನ್ನು ಈ ವಿಷಾನಿಲದೊಡನೆ ಎರಡು ವಾಯುಭಾರದಷ್ಟು ಆಮ್ಲಜನಕದಲ್ಲಿ ಇರಿಸಿದಾಗ ಅದು ಸಾಯಲಿಲ್ಲ. ಮುಚ್ಚಿದ ಗೋಲಿಸೋಡಾದಲ್ಲಿ ಒತ್ತಡಕ್ಕೆ ಸಿಕ್ಕ ಅನಿಲ ನೀರಿನಲ್ಲಿ ಕರಗಿ ನಿಲ್ಲುವಂತೆ, ಆಮ್ಲಜನಕವು ರಕ್ತದ ದ್ರವದಲ್ಲಿಯೇ ಕರಗಿ ಜೀವವನ್ನು ಉಳಿಸಿತ್ತು. ಮನುಷ್ಯರಿಗೆ ಈ ಚಿಕಿತ್ಸೆ ದೊರೆತದ್ದು 1960ರ ಸುಮಾರಿಗೆ.

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸ್ಫೋಟಿಸಿ 57 ಮಂದಿ ಮಡಿದರು. ಶವಗಳನ್ನು ಪರೀಕ್ಷಿಸಿದ ಹಾಲ್ಡೇನ್, ಬಹುಪಾಲು ಜನರನ್ನು ಕೊಂದದ್ದು ಬೆಂಕಿಯಲ್ಲ, ನಂತರದ ವಿಷಾನಿಲ ಎಂದು ತೋರಿಸಿದರು. ಮನುಷ್ಯನಿಗಿಂತ ಬೇಗ ಕುಸಿಯುವ ಸಣ್ಣ ಪ್ರಾಣಿಯನ್ನು ಜೊತೆಗೊಯ್ಯಬೇಕೆಂಬ ಅವರ ಸಲಹೆಯಿಂದ ಕ್ಯಾನರಿ ಹಕ್ಕಿ ಗಣಿಗೆ ಇಳಿಯಿತು. ಮುಂದೆ ಬಂದ ಪಂಜರವೊಂದರ ಮೇಲೆ ಪುಟ್ಟ ಆಮ್ಲಜನಕದ ಸಿಲಿಂಡರ್ ಇತ್ತು. ಹಕ್ಕಿ ಕೆಳಗುರುಳಿದೊಡನೆ ಬಾಗಿಲು ಮುಚ್ಚಿ ಅನಿಲ ಬಿಟ್ಟರೆ ಅದು ಚೇತರಿಸಿಕೊಳ್ಳುತ್ತಿತ್ತು.

ಮೇಕೆಗಳಿಗೆ ಅಷ್ಟು ಸುಲಭದ ಪಾಲು ಬರಲಿಲ್ಲ. ಆಳದಿಂದ ಬೇಗನೆ ಮೇಲೇರುವ ಮುಳುಗುಗಾರರು ನೋವಿನಿಂದ ನರಳಿ ಕೆಲವೊಮ್ಮೆ ಸಾಯುತ್ತಿದ್ದರು. ಗೋಲಿಸೋಡಾ ತೆರೆದಾಗ ಗುಳ್ಳೆ ಏಳುವಂತೆ, ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಟ್ಟುವುದೇ ಇದಕ್ಕೆ ಕಾರಣ. ಬ್ರಿಟಿಷ್ ನೌಕಾಪಡೆಗಾಗಿ ಹಾಲ್ಡೇನ್ ಲಂಡನ್‌ನ ಲಿಸ್ಟರ್ ಸಂಸ್ಥೆಯ ಉಕ್ಕಿನ ಕೋಣೆಯಲ್ಲಿ ಮೇಕೆಗಳನ್ನು ಒತ್ತಡಕ್ಕೆ ಒಳಪಡಿಸಿ ಬಗೆಬಗೆಯ ವೇಗದಲ್ಲಿ ಹೊರತಂದರು. ನೋವಾದ ಮೇಕೆ ಮುಂಗಾಲನ್ನು ಎತ್ತಿ ನಿಲ್ಲುತ್ತಿತ್ತು. ಆ ಕಾಲೇ ಅಳತೆಗೋಲಾಯಿತು. ಹಲವು ಮೇಕೆಗಳು ಸತ್ತವು. ಬಾಯ್ಕಾಟ್, ಡಮಾಂಟ್ ಅವರೊಡನೆ 1908ರಲ್ಲಿ ಪ್ರಕಟಿಸಿದ ವರದಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಕೊಟ್ಟಿತು. ಮುಳುಗುಗಾರರ ಜೀವ ಉಳಿಯಿತು. ಲಾಭದಲ್ಲಿ ಮೇಕೆಗಳಿಗೆ ಪಾಲಿರಲಿಲ್ಲ ಎಂಬುದನ್ನೂ ಹೇಳಬೇಕು.

1915ರಲ್ಲಿ ಯುದ್ಧಭೂಮಿಯಲ್ಲಿ ಕ್ಲೋರಿನ್ ಬಳಕೆಯಾದಾಗ ಹಾಲ್ಡೇನ್ ಫ್ರಾನ್ಸಿಗೆ ತೆರಳಿದರು. ಅನಿಲಪೀಡಿತ ಸೈನಿಕರಿಗೆ ಆಮ್ಲಜನಕ ನೀಡುವ ಸಾಧನವನ್ನೂ ರೂಪಿಸಿದರು. 1936ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು. ಬಾಲ್ಯದಲ್ಲಿಯೇ ತಂದೆಯೊಡನೆ ಗಣಿಗಿಳಿದಿದ್ದ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.

ಪಶುವೈದ್ಯರು ಈಗ ಹೊಗೆ ಕುಡಿದ ಪ್ರಾಣಿಗಳಿಗೆ, ಮಾಯದ ಗಾಯಗಳಿಗೆ ಈ ಕೋಣೆಯನ್ನು ಬಳಸುತ್ತಾರಾದರೂ ದೊಡ್ಡ ಪ್ರಮಾಣದ ಅಧ್ಯಯನಗಳು ಇನ್ನೂ ಕಡಿಮೆ. ಅಪಾಯವೂ ಸಣ್ಣದಲ್ಲ: ಆಮ್ಲಜನಕ ತುಂಬಿದ ಕೋಣೆಯಲ್ಲಿ ಒಂದು ಕಿಡಿ ಸಾಕು. 2012ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇಂತಹ ಕೋಣೆ ಸ್ಫೋಟಿಸಿ ಒಂದು ಕುದುರೆಯೂ ಒಬ್ಬ ಸಿಬ್ಬಂದಿಯೂ ಅಸುನೀಗಿದರು. ಒಳಗಿರುವ ಪ್ರಾಣಿ ತನ್ನ ನೋವನ್ನು ಹೇಳಲಾರದಾದ್ದರಿಂದ, ವೈದ್ಯರು ಇಂದಿಗೂ ಅದರ ಚಲನವಲನವನ್ನು ಹೊರಗಿನಿಂದ ಗಮನಿಸುತ್ತಲೇ ಇರಬೇಕಾಗುತ್ತದೆ.