ಜಾಗ ಕೊಟ್ಟ ಮಹಾರಾಣಿ

ವಾಣಿ ವಿಲಾಸ ಆಸ್ಪತ್ರೆ, ವಾಣಿ ವಿಲಾಸ ರಸ್ತೆ ನಮಗೆಲ್ಲ ಗೊತ್ತು. ಆ ಹೆಸರಿನ ಮಹಾರಾಣಿಗೂ ಇವತ್ತಿನ ಎಐ ಸಂಶೋಧನೆಗೂ ನಂಟಿದೆ ಅಂದ್ರೆ ನಂಬ್ತೀರಾ?

ಕೆಂಪನಂಜಮ್ಮಣ್ಣಿ ಹುಟ್ಟಿದ್ದು 1866ರಲ್ಲಿ, ಕಳಲೆ ಮನೆತನದಲ್ಲಿ. ಹನ್ನೆರಡನೇ ವಯಸ್ಸಿಗೆ ಚಾಮರಾಜೇಂದ್ರ ಒಡೆಯರ ಜೊತೆ ಮದುವೆಯಾಯಿತು. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತಕ್ಕೆ ಹೋಗಿದ್ದ ಒಡೆಯರು ಅಲ್ಲೇ ತೀರಿಕೊಂಡರು. ಮಗ ಕೃಷ್ಣರಾಜನಿಗೆ ಆಗಿನ್ನೂ 10 ವರ್ಷ. ಹಾಗಾಗಿ 1902ರವರೆಗೆ ತಾಯಿಯೇ ರೀಜೆಂಟ್ ಆಗಿ ಮೈಸೂರು ಆಳಿದರು. ಮಾರಿಕಣಿವೆ ಅಣೆಕಟ್ಟು, ಶಿವನಸಮುದ್ರದ ವಿದ್ಯುತ್ ಕೆಲಸ ಶುರುವಾಗಿದ್ದು ಆಗಲೇ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದೇ ಕಷ್ಟಕಾಲದಲ್ಲಿ ಜೆಮ್‌ಷೆಡ್‌ಜಿ ಟಾಟಾ ಒಂದು ಸಂಶೋಧನಾ ಸಂಸ್ಥೆಯ ಯೋಜನೆ ಹಿಡಿದು ಓಡಾಡ್ತಿದ್ರು. ದಿವಾನ್ ಶೇಷಾದ್ರಿ ಅಯ್ಯರ್ ಒತ್ತಾಸೆಯಿಂದ ಮಹಾರಾಣಿಯ ಸರ್ಕಾರ ಜಾಗ, ದುಡ್ಡು ಕೊಡಲು ಮುಂದೆ ಬಂತು. ಮಗನ ಆಳ್ವಿಕೆಯಲ್ಲಿ, 1907ರಲ್ಲಿ, 371 ಎಕರೆ ಕೊಟ್ಟಿದ್ದೂ ಆಯ್ತು. 1909ರಲ್ಲಿ ಐಐಎಸ್‌ಸಿ ಹುಟ್ಟಿತು. ಮಹಾರಾಣಿ 1934ರಲ್ಲಿ ತೀರಿಕೊಂಡರು.

1980ರ ದಶಕದಲ್ಲಿ ಕೇಂದ್ರ ಸರ್ಕಾರ ಎಐಗೆ ಅಂತ ದುಡ್ಡು ತೆಗೆದಿಟ್ಟಾಗ ಆರಿಸಿಕೊಂಡ ಕೆಲವೇ ಕೇಂದ್ರಗಳಲ್ಲಿ ಐಐಎಸ್‌ಸಿಯೂ ಒಂದು. ಈಚೆಗೆ ಕೇಂದ್ರ, ರಾಜ್ಯ ಎರಡೂ ಸೇರಿ ಹಣ ಹಾಕಿದ ಆರ್ಟ್‌ಪಾರ್ಕ್ ಕೂಡ ಅಲ್ಲೇ ಇದೆ. ಲ್ಯಾಬ್ ಇರೋ ಕಡೆಗೇ ದುಡ್ಡು ಹರಿಯುತ್ತೆ.

ಶ್ರೀಗಂಧದ ಕಾವಲ್‌ನಿಂದ ನಾವು ಸಿಟಿ ಬಸ್ಸಲ್ಲೇ ಅಲ್ಲಿಗೆ ಹೋಗಬಹುದು. ಬೀದರ್, ಚಾಮರಾಜನಗರದಲ್ಲಿ ಓದೋ ಗೆಳೆಯರು ಏನು ಮಾಡ್ಬೇಕು? ಮಹಾರಾಣಿ ಒಪ್ಪಿದಾಗ ಬೆಂಗಳೂರಲ್ಲೂ ಅಂಥ ಲ್ಯಾಬ್ ಇರಲಿಲ್ಲ. ಲ್ಯಾಬ್ ಬರಲಿ ಅಂತಲೇ ಜಾಗ ಕೊಟ್ಟಿದ್ದು.